ಕಾಕಾನ ಗಾಡಿಗೆ ದಮ್ ಬಂದದ್ದು

ಇವತ್ತು ಬೆಳಿಗ್ಗೆ ವಾಡಿಯ ರೈಲ್ವೆ ಗೇಟಿನಲ್ಲಿ ನಿಂತಿದ್ದೆ. ಗೇಟು ಹಾಕಿತ್ತು. ಅದು ತೆರೆದಿರುವ ವೇಳೆಗೆ ನಾನು ಅಲ್ಲಿಗೆ ತಲುಪಿದ ನೆನಪೇ ನನಗಿಲ್ಲ. ನನ್ನ ಸ್ಕೂಟರಿನ ಮುಂದೆ ಒಂದು ಹಳೆಯ ಪಿಕಪ್ಪು ಗುರುಗುಟ್ಟುತ್ತ ನಿಂತಿತ್ತು. ಗೇಟು ಎತ್ತಿದ್ದೇ ತಡ, ಅದು ಒಮ್ಮೆ ಕೆಮ್ಮಿ, ಹೊಟ್ಟೆಯಲ್ಲಿದ್ದ ಕರಿಹೊಗೆಯನ್ನೆಲ್ಲ ನನ್ನ ಮುಖಕ್ಕೆ ಬಿಟ್ಟು ಹೋಯಿತು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ನಾನೊಬ್ಬ ಮಾತ್ರ ಉಸಿರು ಎಳೆದುಕೊಂಡೆ. ಅರೆಬೆಂದ ಡೀಸೆಲ್ಲಿನ ಆ ವಾಸನೆ ಬಂದರೆ ಸಾಕು, ನನಗೆ ಭೀಮಶಾ ಕಾಕಾನ ಗಾಡಿ ನೆನಪಾಗುತ್ತದೆ. ಅದು ನೆನಪಾದ ಮೇಲೆ ಆಫೀಸಿನ ಕಡೆ ಕಾಲು ಏಳುವುದಿಲ್ಲ. ಸ್ಕೂಟರನ್ನು ಹೋಟೆಲಿನ ಮುಂದೆ ನಿಲ್ಲಿಸಿ ಚಹಾ ಹೇಳಿದ್ದೇನೆ. ನೀವೂ ಬನ್ನಿ, ಒಂದಿಷ್ಟು ಹೊತ್ತು ಕೂತುಕೊಳ್ಳಿ. ಹಳೆಯ ಪಿಕಪ್ಪಿನ ಎಂಜಿನ್ನಿಗೆ ಕಡಿಮೆ ಖರ್ಚಿನಲ್ಲಿ ದಮ್ ಬರಿಸುವುದು ಹೇಗೆ ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವನು ಈ ಸುತ್ತಿನಲ್ಲಿ ಇನ್ನೊಬ್ಬನಿಲ್ಲ. ಪಿಕಪ್ಪು ಓಡಿಸಲು ಮಾತ್ರ ನನಗೆ ಬರುವುದಿಲ್ಲ.

ಭೀಮಶಾ ಕಾಕಾ ನಮ್ಮಪ್ಪನ ತಮ್ಮ. ಇರುವುದು ಶಹಾಬಾದಿನ ಪಕ್ಕದ ಭಂಕೂರದಲ್ಲಿ. ಹರೆಯವನ್ನೆಲ್ಲ ಕಲ್ಲಿನ ಖಣಿಯಲ್ಲಿ ಕಳೆದವನು. ಮನೆಗಳಿಗೆ ಹಾಸುವ ಫರ್ಶಿ ಕಲ್ಲನ್ನು ನೆಲದೊಳಗಿನಿಂದ ಹಾರೆ ಹಾಕಿ ಪದರು ಪದರಾಗಿ ಎಬ್ಬಿಸುವ ಕೆಲಸ ಅದು. ಕಲ್ಲು ಒಡೆಯಬಾರದು, ಬೆನ್ನು ಹೋದರೆ ಯಾರೂ ಕೇಳುವುದಿಲ್ಲ. ಕಾಕಾನ ಬೆನ್ನು ಹಾಗೆಯೇ ಹೋಯಿತು. ಖಣಿ ಬಿಟ್ಟವನು, ಯಾರೋ ಓಡಿಸಿ ಓಡಿಸಿ ಬೇಸತ್ತು ಮಾರಿದ ಒಂದು ಪಿಕಪ್ಪನ್ನು ಕೊಂಡು ತಂದ. "ಇನ್ನ ಮ್ಯಾಲ ನಾ ಯಾರ ಕೈ ಕೆಳಗೂ ಇಲ್ಲ. ಈ ಸ್ಟೇರಿಂಗ್ ನನ್ನ ಕೈ ಕೆಳಗ ಅದ" ಎಂದು ಓಣಿಗೆಲ್ಲ ಪೇಢೆ ಹಂಚಿದ. ಅವನ ಹೆಂಡತಿ ಶರಣಮ್ಮ ಕಾಕಿಗೆ ಲಗ್ನದ ಅಡಿಗೆ ಸಾಮಾನು ಬಾಡಿಗೆಗೆ ಕೊಡುವ ವ್ಯಾಪಾರ. ಹಂಡೆ, ಕೊಪ್ಪರಿಗೆ, ಪರಾತ, ಆಳೆತ್ತರದ ಸೌಟುಗಳು, ಎಲ್ಲ ಅವಳವು. ಸಾಮಾನು ಅವಳದು, ಗಾಡಿ ಅವನದು. ಬಾಡಿಗೆ ಬಂದ ದಿನ ಇಬ್ಬರೂ ಕೂಡಿಯೇ ಹೊರಡುತ್ತಿದ್ದರು, ಕೂಡಿಯೇ ಜಗಳಾಡುತ್ತ ಬರುತ್ತಿದ್ದರು.

ಗಾಡಿಗೆ ಇದ್ದದ್ದು ಒಂದೇ ದೋಷ, ದಮ್ ಇರಲಿಲ್ಲ. ಚಿತ್ತಾಪುರ, ಸೇಡಂ, ಕುರಕುಂಟಾ ಎಂದು ಸಮ ನೆಲದಲ್ಲಿ ಎಷ್ಟು ದೂರ ಹೇಳಿದರೂ ಹೋಗುತ್ತಿತ್ತು. ಏರು ಕಂಡಿತೋ, ಮುಗಿಯಿತು. ಒಂದು ಸಲ ಸೇಡಮ್ಮಿನ ಆಚೆ ಸೇತುವೆಯೊಂದರ ಏರಿನಲ್ಲಿ ನಾವು ತೆವಳುತ್ತಿದ್ದಾಗ ಸೈಕಲ್ಲಿನ ಮೇಲೆ ಬಂದ ಮಾಸ್ತರರೊಬ್ಬರು ನಮ್ಮನ್ನು ದಾಟಿದರು. ದಾಟುವಾಗ ಕಿಟಕಿಯ ಪಕ್ಕಕ್ಕೆ ಬಂದು "ಏನ್ರಿ ಭೀಮಶಾ, ಮನ್ಯಾಗ ಎಲ್ಲಾರೂ ಆರಾಮ?" ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮುಂದೆ ಹೋದರು. ಕಾಕಾ ಅವರ ಮಕ್ಕಳ ಕ್ಷೇಮವನ್ನೂ ವಿಚಾರಿಸಿದ. ಅಷ್ಟು ವೇಳೆ ಇತ್ತು.

ಇದನ್ನೆಲ್ಲ ನಗಾಡಿಕೊಂಡು ಇರಬಹುದಿತ್ತು, ಚಿಂಚೋಳಿ ಸೀಮೆಯ ಆ ಲಗ್ನವೊಂದು ಬರದಿದ್ದರೆ. ಚಿಮ್ಮನಚೋಡ ದಾಟಿ ಹೋದರೆ ಗುಡ್ಡದ ಮೇಲೊಂದು ಊರು. ಮದುಮಗಳ ಮನೆ ಅಲ್ಲಿ. ಕಾಕಿ ಸಾಮಾನು ಹೇರಿಸಿಕೊಂಡು ಹೋದಳು. ನಡು ಏರಿನಲ್ಲಿ ಗಾಡಿ ನಿಂತಿತು. ಕಾಕಾ ಗಾಲಿಗೆ ಕಲ್ಲು ಕೊಟ್ಟು, ಬಾನೆಟ್ಟು ಎತ್ತಿ, ಬೈದು, ಕೊನೆಗೆ ಕೈಮುಗಿದರೂ ಅದು ಅಲುಗಲಿಲ್ಲ. ಕಡೆಗೆ ಲಗ್ನದ ಮನೆಯ ಮಂದಿಯೇ ಇಳಿದು ಬಂದು ಒಂದೊಂದು ಹಂಡೆಯನ್ನೂ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದರು. ಮದುಮಗಳ ತಂದೆ ಭಾಳ ಸೌಮ್ಯ ಮನುಷ್ಯ. ಕಾಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದನಂತೆ: "ಅಕ್ಕಾರ, ಸಾಮಾನೇನೋ ನಾವೇ ಹೊತ್ತೀವಿ. ಬಾಡಿಗಿ ನಾವ್ ಕೊಡಬೇಕೋ, ನೀವ್ ಕೊಡ್ತೀರೋ?" ಕಾಕಿ ಅವನೆದುರು ನಕ್ಕಳು. ಹೊಳ್ಳಿ ಬರುವಾಗ ಸೇಡಮ್ಮಿನವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು ಎಂದು ಕಾಕಾನೇ ನನಗೆ ಹೇಳಿದ.

ಮುಂದಿನ ವರ್ಷ ಅದೇ ಮನೆಯಲ್ಲಿ ಎರಡನೆಯ ಮಗಳ ಲಗ್ನ ಗೊತ್ತಾಯಿತು, ಆ ಪುಣ್ಯಾತ್ಮ ಮತ್ತೆ ಕಾಕಿಗೇ ಫೋನು ಮಾಡಿದ. ಆ ದಿನ ನಾನು ಭಂಕೂರದಲ್ಲಿದ್ದೆ. ನಾನೂ ಕಾಕಾನೂ ರೊಟ್ಟಿ ತಿನ್ನುತ್ತ ಕುಳಿತಾಗ ಕಾಕಿ ತವೆಯ ಮುಂದಿನಿಂದಲೇ ಹೇಳಿದಳು: "ಗಾಡಿ ಮ್ಯಾಲ ತನಕ ಬರ್ತದಂತ ಅವ್ರಿಗಿ ಮಾತ ಕೊಟ್ಟೀನಿ. ಏರು ಹತ್ತಿತು, ಇರ್ಲಿ. ಹತ್ತಲಿಲ್ಲಂದ್ರ ಗುಜರಿಯಂವಗೂ ಮಾತ ಕೊಟ್ಟೀನಿ. ಅಂವ ಬಂದು ನೋಡಿ ಹೋಗ್ಯಾನ."

ಕಾಕಾನ ಕೈ ತಾಟಿನಲ್ಲೇ ನಿಂತಿತು. ಗಾಡಿ ಹೋದರೆ ಅವನಿಗೆ ಉಳಿಯುವುದು ಯಾವುದೋ ಖಣಿಯ ಗೇಟಿನಲ್ಲಿ ಕಾವಲು ಕೂರುವ ಕೆಲಸ, ಮತ್ತೆ ಇನ್ನೊಬ್ಬರ ಕೈ ಕೆಳಗೆ. ಅದು ಕಾಕಿಗೂ ಗೊತ್ತಿತ್ತು. ಆದರೂ ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ. ಅವಳ ಹಂಡೆಗಳನ್ನು ಲಗ್ನದ ಮನೆಯವರು ಹೊತ್ತದ್ದು ಅವಳ ಕಣ್ಣ ಮುಂದಿತ್ತು.

ನನಗೋ, ಎಲ್ಲಿಲ್ಲದ ಹುರುಪು ಬಂತು. ಇಂಥ ಹೊತ್ತಿಗೆ ಮನೆಯಲ್ಲಿ ಓದಿದವನೊಬ್ಬ ಇರಬೇಕು ಎಂದು ನನ್ನ ಭುಜವನ್ನು ನಾನೇ ತಟ್ಟಿಕೊಂಡೆ. ಆಫೀಸಿನ ಕೆಲಸ ಬಿಟ್ಟು ಮೊಬೈಲಿನಲ್ಲಿ ಹಳೆಯ ಪಿಕಪ್ಪುಗಳ ವಿಡಿಯೋ ನೋಡಿದ್ದೇ ನೋಡಿದ್ದು. ಯಾವ್ಯಾವುದೋ ದೇಶದ ಗಡ್ಡದವರು ಎಂಜಿನ್ನು ಬಿಚ್ಚಿ, ಟರ್ಬೊ ಕೂರಿಸಿ, ಕೆಸರಿನ ಗುಡ್ಡಗಳನ್ನು ಹಾರಿ ಹೋಗುತ್ತಿದ್ದರು. ಮರುದಿನವೇ ಭಂಕೂರಕ್ಕೆ ಹೋದೆ.

"ಕಾಕಾ, ಟರ್ಬೊ ಹಾಕಿಸೂಣು."

"ಎಷ್ಟಾಗ್ತದ?"

ಹೇಳಿದೆ. ಕಾಕಾ ನನ್ನನ್ನೂ ಗಾಡಿಯನ್ನೂ ಒಂದು ಸಲ ನೋಡಿದ. "ಇಡೀ ಗಾಡಿಗೇ ಅಷ್ಟ ಕೊಟ್ಟಿಲ್ಲಲ್ಲೋ ನಾ" ಎಂದ.

ಟರ್ಬೊ ಆಗಲಿಲ್ಲ. ಬಂದ ಹುರುಪು ಸುಮ್ಮನೆ ಹೋಗಬಾರದಲ್ಲ, ಶಹಾಬಾದಿನ ಅಂಗಡಿಯಿಂದ 'ಟರ್ಬೊ' ಎಂದು ಕೆಂಪಕ್ಷರದಲ್ಲಿ ಬರೆದ ಸ್ಟಿಕ್ಕರ್ ತಂದು ಬಾಗಿಲಿಗೆ ಹಚ್ಚಿದೆ. ಅದೂ ಸೊಟ್ಟಗಾಯಿತು. ಕಾಕಿ ಬಂದು ಓದಿದಳು.

"ಇದು ಹಚ್ಚಿದ್ರ ಏರು ಹತ್ತತದೇನೋ?"

"ಜರಾ ಹುರುಪು ಬರ್ತದ ಕಾಕಿ."

"ಯಾರಿಗಿ? ಗಾಡಿಗೋ, ನಿನಗೋ?"

ಕೊನೆಗೆ ಗಾಡಿಯನ್ನು ಮಹಬೂಬ್ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆವು. ಮಹಬೂಬ್ ಮಿಸ್ತ್ರಿ ಪ್ರತಿ ಸಲವೂ ಹೊಸದೊಂದು ಕಾರಣ ಹೇಳುತ್ತಾನೆ, ಪ್ರತಿಯೊಂದನ್ನೂ ಆಣೆ ಮಾಡಿ ಹೇಳುತ್ತಾನೆ. ಮೊದಲು ಡೀಸೆಲ್ ಚಿಮ್ಮಿಸುವ ನೋಝಲ್ ಎಂದ. "ನೋಝಲ್ ಕಚರಾ ಹಿಡದದ. ಬ್ಯಾರೇ ಏನೂ ಇಲ್ಲ, ಬರಕೊಂಡು ಇಟ್ಕೋರಿ." ನೋಝಲ್ ತೊಳೆದದ್ದಾಯಿತು, ಹೊಗೆ ಸ್ವಲ್ಪ ತಿಳಿಯಾಯಿತು, ಅಷ್ಟೆ. ಆಮೇಲೆ ಬ್ರೇಕು ಎಂದ. ಅದರಲ್ಲಿ ನಿಜವಿತ್ತು. ಹಿಂದಿನ ಒಂದು ಗಾಲಿಯ ಬ್ರೇಕು ಸದಾ ಹಿಡಿದುಕೊಂಡೇ ಇತ್ತು. "ಕಾಕಾ, ನೀವ್ ಇಷ್ಟ ವರ್ಷ ಬ್ರೇಕ್ ಹಾಕ್ಕೊಂಡೇ ಓಡಿಸೀರಿ" ಎಂದು ಹೇಳಿ, ಅದನ್ನು ಬಿಡಿಸಿ, ಗಾಡಿಯನ್ನು ಒಂದೇ ಕೈಯಿಂದ ದಬ್ಬಿ ತೋರಿಸಿದ. ನಾನು ಚಪ್ಪಾಳೆ ತಟ್ಟಿದೆ. ಅಲ್ಲಿ ಬೇರೆ ಯಾರೂ ತಟ್ಟಲಿಲ್ಲ.

ಮೂರನೆಯದಾಗಿ ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಗೆ ಕೈ ಹಾಕಿದ ಮಿಸ್ತ್ರಿ, ಕೈ ಹೊರಗೆ ತೆಗೆದು ಬೆರಳು ನೋಡಿಕೊಂಡ. ಬೆಳ್ಳಗಾಗಿದ್ದವು. ಕೊಳವೆಯ ಬಾಯಿಗೆ ಏನೋ ಗಟ್ಟಿಯಾಗಿ ಕೂತಿತ್ತು, ಗೋಡೆಗೆ ಹಚ್ಚಿದ ಗಿಲಾವಿನಂತೆ. ಉಳಿ ಹಾಕಿ ತಟ್ಟಿದ. ಹಕ್ಕಳೆ ಎದ್ದು ಬಂತು. ಅದರ ಒಳಗಿನಿಂದ ಒಂದು ಕೆಂಪು ಅಂಚು ಇಣುಕಿತು. ಕಾಕಿ ಬಗ್ಗಿ ನೋಡಿದಳು.

"ಇದು ನನ್ನ ಇಳಕಲ್ ಸೀರಿ ಅದ" ಎಂದಳು.

ಎಲ್ಲರೂ ಕಾಕಾನ ಕಡೆ ತಿರುಗಿದೆವು. ಅವನು ಅಡಗಿಸುವ ಗೋಜಿಗೆ ಹೋಗಲಿಲ್ಲ. "ನಾವ್ ಖಣ್ಯಾಗ ಮೂಗಿಗಿ ಹಸಿ ಬಟ್ಟಿ ಕಟ್ಟತಿದ್ದಿವಿ, ಧೂಳ ಒಳಗ ಹೋಗಬಾರ್ದಂತ. ಇದೂ ದಿನಾ ಅದೇ ಧೂಳಿನ್ಯಾಗ ತಿರಗತದ. ಇದಕ್ಕೂ ಕಟ್ಟೀನಿ. ದಿನಾ ಮುಂಜಾನೆ ಮ್ಯಾಲ ಜರಾ ನೀರ್ ಹೊಡೀತೀನಿ" ಎಂದ. ನೀವೇ ಲೆಕ್ಕ ಹಾಕಿ: ನಮ್ಮ ಕಡೆಯ ಗಾಳಿಯಲ್ಲಿ ಕಲ್ಲಿನ ಪುಡಿಯಿದೆ, ಸಿಮೆಂಟಿನ ಪುಡಿಯಿದೆ, ದಿನಾ ನೀರೂ ಬಿದ್ದರೆ ಇನ್ನೇನಾಗಬೇಕು. ಮಹಬೂಬ್ ಮಿಸ್ತ್ರಿ ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟ. ಕಾಕಿ ಮಾತ್ರ ನಗಲಿಲ್ಲ. ಗಾಡಿಯ ಉಸಿರು ಕಟ್ಟಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ; ಆ ಸೀರೆ ಕಳೆದದ್ದಕ್ಕೆ ತನ್ನ ತಂಗಿಯ ಮೇಲೆ ಇಷ್ಟು ದಿನ ಸಂಶಯಪಟ್ಟೆನಲ್ಲ ಎಂದು ಸಿಟ್ಟು.

ಹೊಸ ಏರ್ ಫಿಲ್ಟರ್ ಹಾಕಿ ಗಾಡಿ ಚಾಲೂ ಮಾಡಿದಾಗ ಬಂದ ದನಿಯನ್ನು ನಾನು ಮರೆಯಲಾರೆ. ಅದು ಆ ಹಳೆಯ ಗಾಡಿಯೇ ಅಲ್ಲ. ಕಾಲು ಇಟ್ಟರೆ ಸಾಕು, ಹೂಂ ಎಂದು ಮುಂದೆ ಹಾರುತ್ತಿತ್ತು. ಭಂಕೂರದ ರಸ್ತೆಯಲ್ಲಿ ಕಾಕಾ ಅದನ್ನು ಅತ್ತ ಓಡಿಸಿದ, ಇತ್ತ ಓಡಿಸಿದ, ನಾನು "ಇನ್ನೊಮ್ಮೆ ಕಾಕಾ, ಇನ್ನೊಮ್ಮೆ" ಎನ್ನುತ್ತಲೇ ಇದ್ದೆ. ಆದರೆ ಸಾಮಾನು ಹೇರಿ ಖಣಿಯ ಏರಿಗೆ ಬಿಟ್ಟು ನೋಡಿದಾಗ ಮುಕ್ಕಾಲು ದಾರಿ ಹತ್ತಿ ಮತ್ತೆ ಕೊಸರಾಡಿತು. ಮಿಸ್ತ್ರಿ ಕೈ ಒರೆಸಿಕೊಂಡ. "ಎಂಜಿನ್ನಿನ್ಯಾಗ ಇನ್ನೇನೂ ಉಳದಿಲ್ಲ ಕಾಕಾ. ವಯಸ್ಸಾಗ್ಯಾದ, ಅಷ್ಟೇ." ಕಾಕಾ ಗಾಡಿ ಒರೆಸತೊಡಗಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಲಗ್ನ ಹತ್ತಿರ ಬಂತು. ಅಷ್ಟರಲ್ಲಿ ಒಂದು ದಿನ ಕಾಕಾ ಯಾರದೋ ತೊಗರಿ ಹೇರಿಕೊಂಡು ವಾಡಿಗೆ ಬಂದ. ನಾನೂ ಆಫೀಸಿನಿಂದ ತಪ್ಪಿಸಿಕೊಂಡು ಜೊತೆಯಾದೆ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಮಾಲನ್ನು ತೂಗುವುದು ಗಾಡಿ ಸಮೇತ. ಮೊದಲು ತುಂಬಿದ ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸಬೇಕು, ಇಳಿಸಿದ ಮೇಲೆ ಖಾಲಿ ಗಾಡಿಯನ್ನು ನಿಲ್ಲಿಸಬೇಕು, ಒಂದರಲ್ಲಿ ಒಂದನ್ನು ಕಳೆಯಬೇಕು. ತೊಗರಿ ಇಳಿಸಿ ನಾವು ಎರಡನೆಯ ಸಲ ಬಂದು ನಿಂತೆವು. ಕಾಟಾದವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮಾಲ ಇಳಸಿ ಬರ್ರಿ ಅಂದಿದ್ದೆನಲ್ರಿ."

"ಇಳಿಸೇ ಬಂದೀವಿ" ಎಂದ ಕಾಕಾ.

"ಮತ್ತ ಕಾಟಾ ಯಾಕ ಇಷ್ಟ ತೋರಸಲಿಕತ್ತದ? ದಿನಾ ಪಿಕಪ್ ತೂಗತೀನಿ ನಾ. ಖಾಲಿ ಪಿಕಪ್ ಇಷ್ಟ ಇರಂಗಿಲ್ಲ."

ಅವನು ಎದ್ದೇ ಬಂದ. ಸೀಟಿನ ಕೆಳಗೆ ನೋಡಿದ, ಗಾಡಿಯ ಕೆಳಗೆ ಬಗ್ಗಿ ನೋಡಿದ. ಆಮೇಲೆ ಮೂವರೂ ಹಿಂದಿನ ಬಾಡಿಯ ಮೇಲೆ ಹತ್ತಿ ಮೂಲೆ ಮೂಲೆ ಹುಡುಕಿದೆವು. ಒಂದು ಕಾಳು ತೊಗರಿಯೂ ಇರಲಿಲ್ಲ. ಕೆಳಗಿಳಿಯಲು ತಿರುಗಿದ ನನಗೆ ಅಂಚಿನಲ್ಲಿ ಸಾಲಾಗಿ ಬಿಟ್ಟ ಮೂವರ ಚಪ್ಪಲಿಗಳು ಕಂಡವು. ಕಾಕಾನ ಗಾಡಿ ಹತ್ತುವಾಗ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಯಾರೂ ಯಾರಿಗೂ ಹೇಳಿದ್ದಲ್ಲ, ಕಾಲು ತಾನೇ ಬಿಡುತ್ತಿತ್ತು. ಅಂದು ಮೊದಲ ಸಲ ಹತ್ತಿದ ಕಾಟಾದವನೂ ಬಿಟ್ಟಿದ್ದ. ಪಿಕಪ್ಪು ಹತ್ತುವಾಗ ಯಾರಾದರೂ ಚಪ್ಪಲಿ ಬಿಡುತ್ತಾರೆಯೇ? ಮನೆಯೊಳಗೆ ಹೋಗುವಾಗ ಬಿಡುತ್ತಾರೆ. ಬಗ್ಗಿ ನೋಡಿದೆ. ನಾವು ನಿಂತದ್ದು ತಗಡಿನ ಮೇಲಲ್ಲ. ನಯವಾಗಿ ತಿಕ್ಕಿದ, ಮೂಲೆಗೆ ಮೂಲೆ ಕೂಡಿಸಿದ ಫರ್ಶಿಯ ಮೇಲೆ.

"ಕಾಕಾ, ಇದು ಕಲ್ಲು" ಎಂದೆ.

"ಹೂಂ, ಕಲ್ಲು. ತಗಡು ಜಂಗು ಹಿಡದಿತ್ತು, ಫರ್ಶಿ ಹಾಸೀನಿ. ಯಾಕ?"

"ಕಲ್ಲಿಗಿ ತೂಕ ಇರ್ತದಲ್ಲ ಕಾಕಾ."

ನಾನು ಆ ಕಲ್ಲಿನ ಮೇಲೆ ಎಷ್ಟು ಸಲ ಬುತ್ತಿ ಬಿಚ್ಚಿ ಉಂಡಿದ್ದೆನೋ, ಎಷ್ಟು ಸಲ ಮಲಗಿದ್ದೆನೋ. ನಮ್ಮ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆ ಕಲ್ಲು, ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಹೊಲದ ಬೇಲಿಯೂ ಕಲ್ಲು. ಕಾಲ ಕೆಳಗೆ ಕಲ್ಲಿದ್ದರೆ ನಮಗೆ ಅದು ಕಾಣುವುದೇ ಇಲ್ಲ. ಹಂಡೆಗಳ ಜೊತೆ ಒಂದು ಪಡಸಾಲೆಯನ್ನೂ ಹೊತ್ತುಕೊಂಡು ಆ ಬಡ ಗಾಡಿ ಊರೂರು ತಿರುಗಿತ್ತು. ನಾನು ಕುಣಿದಾಡಿದೆ. ಕಾಟಾದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಕಾ ನಗಲಿಲ್ಲ.

ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದ: "ಆ ಕಲ್ಲ ತೆಗ್ಯಾಂಗಿಲ್ಲ."

ನಾನು ವಾದಕ್ಕೆ ಇಳಿದೆ, ಕಾಕಿ ನನ್ನನ್ನು ಸುಮ್ಮನಿರಿಸಿದಳು. ಕಾಕಾ ಕಂಬಕ್ಕೆ ಒರಗಿ ಕುಳಿತಿದ್ದ. "ಬೆನ್ನ ಹೋದ ದಿನ ಎಬ್ಬಿಸಿದ ಕಲ್ಲ ಅವು. ಮಾಲಕ ನೀನೇ ಒಯ್ಯಂದಿದ್ದ. ಮಂದಿ ಮನಿಗೆಲ್ಲ ಎಬ್ಬಿಸಿ ಕೊಟ್ಟೀನಿ, ನನಗಂತ ಹಾಸಕೊಂಡಿದ್ದು ಅದೊಂದೇ" ಎಂದ. ಕಾಕಿ ಅವನ ಎದುರು ಬಂದು ಕುಳಿತಳು.

"ನಾನೂ ಆ ಕಲ್ಲಿನ ಮ್ಯಾಲೇ ಕುಂತು ತಿರಗೀನ್ರಿ. ಅವಕ್ಕ ಬ್ಯಾರೇ ಜಾಗಾ ಸಿಗ್ತದ. ನಿಮಗ ಬ್ಯಾರೇ ಗಾಡಿ ಸಿಗಂಗಿಲ್ಲ. ನೀವ್ ಮತ್ತ ಮಂದಿ ಗೇಟಿನ್ಯಾಗ ಕೂಡೂದು ನನಗ ನೋಡಾಕ ಆಗಂಗಿಲ್ಲ."

ಗುಜರಿಯವನಿಗೆ ಮಾತು ಕೊಟ್ಟವಳೂ ಇವಳೇ. ಅವಳಿಗೂ ಹೊಟ್ಟೆಯಲ್ಲಿ ಅದೇ ಸಂಕಟವಿತ್ತೆಂದು ನನಗೆ ತಿಳಿದದ್ದು ಆಗಲೇ.

ಮರುದಿನ ಬೆಳಿಗ್ಗೆ ಕಾಕಾ ಹಾರೆ ಹಿಡಿದು ಗಾಡಿ ಹತ್ತಿದ. ಇನ್ನೊಬ್ಬರು ಕೈ ಹಚ್ಚಲು ಬಿಡಲಿಲ್ಲ. ಸಂದಿಗೆ ಹಾರೆ ಕೊಟ್ಟು, ಕಿವಿಗೊಟ್ಟು, ಸ್ವಲ್ಪ ಸ್ವಲ್ಪವೇ ಮೀಟಿದ. ಒಂದು ಕಲ್ಲಿನ ಮೂಲೆ ಸಹ ಮುರಿಯಲಿಲ್ಲ. ಎಬ್ಬಿಸಿದ್ದನ್ನು ಕೆಳಗಿಳಿಸಿಕೊಳ್ಳಲು ಮಾತ್ರ ನನಗೂ ಓಣಿಯವರಿಗೂ ಅಪ್ಪಣೆಯಾಯಿತು. ಎಲ್ಲ ಎದ್ದ ಮೇಲೆ ನೋಡಿದರೆ ಕೆಳಗೆ ಇನ್ನೊಂದು ಸಾಲು ಕಲ್ಲು.

"ಇದೇನು ಕಾಕಾ?"

ಕಾಕಾ ಮುಖ ಬೇರೆ ಕಡೆ ಮಾಡಿದ. "ಮೊದಲ ಹಾಸಿದ್ದು ಒಡದಿತ್ತು. ಒಡದದ್ದು ತೆಗ್ಯಾಕ ಬ್ಯಾಸರಾಯ್ತು, ಮ್ಯಾಲೇ ಇವು ಹಾಸೀನಿ."

ಅದರ ಕೆಳಗೆ ಸಿಮೆಂಟೂ ಇತ್ತು. ಒಂದೊಂದು ಕಲ್ಲು ಇಳಿದಂತೆ ಗಾಡಿಯ ಹಿಂಭಾಗ ಮೆಲ್ಲಗೆ ಮೇಲೇಳುತ್ತಿತ್ತು. ಕಾಕಿ ಬಾಗಿಲಲ್ಲಿ ನಿಂತು "ಏಳಾಕತ್ತದ ನೋಡ್ರಿ, ಏಳಾಕತ್ತದ" ಎನ್ನುತ್ತಿದ್ದಳು. ಮಹಬೂಬ್ ಮಿಸ್ತ್ರಿ ಹಳೆಯ ತಗಡು ತಂದು ಹೊಸ ತಳ ಬೆಸೆದು ಕೊಟ್ಟ. ಕಾಕಾನ ಕಲ್ಲುಗಳು ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕಟ್ಟೆಯಾದವು.

ಲಗ್ನದ ದಿನ ನಾನು ರಜೆ ಹಾಕಿ ಹೊರಟೆ. ಕಾಕಾ ಸ್ಟೇರಿಂಗಿನ ಮುಂದೆ, ಕಾಕಿ ನಡುವೆ, ನಾನು ಕಿಟಕಿಗೆ, ಹಿಂದೆ ಹಂಡೆಗಳ ಗದ್ದಲ. ಚಿಂಚೋಳಿ ದಾಟಿದೆವು, ಚಿಮ್ಮನಚೋಡ ದಾಟಿದೆವು. ಆ ಏರು ಬಂತು. ಮೇಲೆ ನೋಡುತ್ತೇನೆ, ಹೋದ ಸಲ ಗಾಡಿ ನಿಂತ ಅದೇ ನಡು ಏರಿನಲ್ಲಿ ಲಗ್ನದ ಮನೆಯ ಮಂದಿ ಹತ್ತಾರು ಜನ ತಲೆಗೆ ಸಿಂಬೆ ಸುತ್ತಿಕೊಂಡು ನಿಂತಿದ್ದಾರೆ. ಸಾಮಾನು ಹೊರಲು ಮುಂಚಿತವಾಗಿಯೇ ಬಂದಿದ್ದರು. ಕಾಕಿ ಅವರನ್ನು ನೋಡಿ ನನ್ನ ಮುಂಗೈ ಹಿಡಿದಳು. ಅವಳ ಬಳೆ ನನ್ನ ಚರ್ಮಕ್ಕೆ ಒತ್ತುತ್ತಿತ್ತು. ಕಾಕಾ ಗೇರು ಇಳಿಸಿ ಕಾಲು ಒತ್ತಿದ.

ಗಾಡಿ ಹತ್ತಿತು. ಸ್ವಾಮಿ, ಅದು ಹತ್ತಿದ ರೀತಿಯನ್ನು ನೀವು ನೋಡಬೇಕಿತ್ತು. ಸಿಂಬೆಯವರ ಹತ್ತಿರ ಬಂದೆವು, ಅವರು ದಾರಿ ಬಿಟ್ಟರು, ನಾವು ಮುಂದೆ ಹೋದೆವು. ಮುಂದೆ ಕುರ್ಚಿ ಹೇರಿದ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಕಾಕಾ ಹಾರ್ನ್ ಹೊಡೆದು ಅದನ್ನೂ ದಾಟಿದ. ಏರಿನಲ್ಲಿ ಅವನು ಇನ್ನೊಂದು ಗಾಡಿಯನ್ನು ದಾಟಿದ್ದು ಅದೇ ಮೊದಲು. ಹಂದರ ಕಂಡಿತು. ಮದುಮಗಳ ತಂದೆ ಎರಡೂ ಕೈ ಜೋಡಿಸಿ ರಸ್ತೆಗೇ ಬಂದು ನಿಂತಿದ್ದ. ಕಾಕಾ ಬ್ರೇಕಿಗೆ ಕಾಲಿಟ್ಟ.

"ನಿಲ್ಲಸಬ್ಯಾಡ್ರಿ" ಎಂದಳು ಕಾಕಿ.

"ಮನಿ ಬಂತಲ್ಲ?"

"ಮುಂದ ಇನ್ನೊಂದು ಏರು ಅದ. ಅದೂ ನೋಡೇ ಬಿಡೂಣು."

ಕಾಕಾ ಒಂದು ಕ್ಷಣ ಹೆಂಡತಿಯ ಮುಖ ನೋಡಿದ. ಆಮೇಲೆ ಗೇರು ಹಾಕಿದ. ಲಗ್ನದ ಅಷ್ಟೂ ಹಂಡೆ ಕೊಪ್ಪರಿಗೆಗಳನ್ನು ಹೊತ್ತುಕೊಂಡು ನಾವು ಲಗ್ನದ ಮನೆಯ ಮುಂದಿನಿಂದಲೇ ಹಾದು ಹೋದೆವು. ಆ ಸೌಮ್ಯ ಮನುಷ್ಯ "ಅಕ್ಕಾರ, ಇಲ್ಲೇ ಅದರಿ, ಮನಿ ಇಲ್ಲೇ ಅದ" ಎಂದು ಧೋತರ ಎತ್ತಿ ಹಿಡಿದು ಹಿಂದೆ ಓಡಿ ಬರುತ್ತಿದ್ದ. ಕಾಕಿ ನಗುತ್ತಿದ್ದಳು. ಕಾಕಾ ನಗುತ್ತಿದ್ದನೋ ಅಳುತ್ತಿದ್ದನೋ, ಎರಡೂ ಇತ್ತು.

ಗುಜರಿಯವನಿಗೆ ಕೊಟ್ಟ ಮಾತನ್ನು ಕಾಕಿ ಉಳಿಸಿಕೊಳ್ಳಲಿಲ್ಲ. ವರ್ಷಗಳಾದವು. ಕಾಕಾನ ಬೆನ್ನು ಮತ್ತೆ ಕಾಡಿ ಸ್ಟೇರಿಂಗ್ ಹಿಡಿಯುವುದು ಕಷ್ಟವಾದಾಗ, ಡ್ರೈವರನನ್ನು ಇಡೋಣ ಎಂದು ನಾವೆಲ್ಲ ಹೇಳಿದೆವು. ಕಾಕಿ ಕೇಳಲಿಲ್ಲ. ತಾನೇ ಕಲಿತಳು. ಈಗ ಅವಳು ಓಡಿಸುತ್ತಾಳೆ, ಕಾಕಾ ಪಕ್ಕದಲ್ಲಿ ಕೂರುತ್ತಾನೆ.

ನಿಮಗೆ ಇಷ್ಟು ಹೇಳಿದ ಮೇಲೆ ತಡೆಯಲಾಗಲಿಲ್ಲ, ಇಲ್ಲಿಂದಲೇ ಫೋನು ಹಚ್ಚಿದೆ. ಎತ್ತಿದವನು ಕಾಕಾ. ಹಿಂದೆ ಎಂಜಿನ್ನಿನ ದನಿ ಜೋರಾಗಿತ್ತು.

"ಎಲ್ಲಿದ್ದಿ ಕಾಕಾ?"

"ಚಿಂಚೋಳಿ ಕಡಿ. ಏರಿನ್ಯಾಗ."

"ಗಾಡಿ ಹೆಂಗ ಹತ್ತಲಿಕತ್ತದ?"

"ಗಾಡಿಗೇನಾಗ್ಯಾದ, ಛಲೋ ಹತ್ತಲಿಕತ್ತದ. ನಿಮ್ಮ ಕಾಕಿಗಿ ಜರಾ ನಿಧಾನ ಹೊಡಿ ಅಂತ ನೀನರ ಹೇಳು. ನನ್ನ ಮಾತ ಕೇಳಾಂಗಿಲ್ಲ."

ಹಿಂದಿನಿಂದ ಕಾಕಿಯ ದನಿ ಕೇಳಿಸಿತು: "ಆಮ್ಯಾಲ ಫೋನ್ ಮಾಡಂತ ಹೇಳ್ರಿ ಅವಂಗ. ಮುಂದ ಲಾರಿ ಅದ, ದಾಟಬೇಕು."

ನಾನು ಫೋನು ಇಡಲಿಲ್ಲ. ಲಾರಿ ದಾಟುವವರೆಗೂ ಕಿವಿಗೆ ಹಿಡಿದುಕೊಂಡೇ ಕುಳಿತೆ.